ಅಂಗೈ ನೋಡುತ್ತಿದ್ದ ದೊಡ್ಡಪ್ಪ

ಮೊನ್ನೆ ಸಂಜೆ ನಮ್ಮ ಮೆಕ್ಕೆಜೋಳಕ್ಕೆ ಆನೆ ನುಗ್ಗಿದವು. ಮೂರು ದೊಡ್ಡವು, ಒಂದು ಮರಿ. ಜೀರಹಳ್ಳಿಯಿಂದ ಫಾರೆಸ್ಟಿನವರು ಬರುವಷ್ಟರಲ್ಲಿ ಅರ್ಧ ಹೊಲ ನೆಲಕ್ಕೆ ಮಲಗಿತ್ತು. ಅವರು ತಂದಿದ್ದ ಪಟಾಕಿಯಲ್ಲಿ ಒಂದು ಕಟ್ಟನ್ನು ನಾನೇ ಕಿತ್ತುಕೊಂಡು ಹಚ್ಚಿ ಹಚ್ಚಿ ಎಸೆದೆ. ಆನೆಗಳು ಕಾಡಿಗೆ ಸರಿದವು. ನನ್ನ ಸಿಟ್ಟು ಸರಿಯಲಿಲ್ಲ. ತುಳಿದ ಜೋಳದ ನಡುವೆ ನಿಂತು ಮಗನಿಗೆ ಹೇಳಿದೆ, ನಾಳೆ ತಾಳವಾಡಿಗೆ ಹೋಗಿ ತಂತಿ ತಗೊಂಡು ಬಾ, ಪಂಪ್‌ಸೆಟ್ಟಿನ ಕರೆಂಟನ್ನು ಬೇಲಿಗೆ ಬಿಟ್ಟುಬಿಡೋಣ, ಬರುವುದು ಬಂದು ಸಾಯಲಿ. ಎರಡು ವರ್ಷದಿಂದ ಅವನು ಇದನ್ನೇ ಕೇಳುತ್ತಿದ್ದ, ನಾನೇ ಬೇಡ ಎನ್ನುತ್ತಿದ್ದೆ. ಅಪ್ಪನಿಗೆ ಕೊನೆಗೂ ಬುದ್ಧಿ ಬಂತು ಎನ್ನುವ ಹಾಗೆ ತಲೆಯಾಡಿಸಿದ.

ಬೆವರು ಒರೆಸಿಕೊಳ್ಳಲು ಕೈ ಎತ್ತಿದೆ. ಅಂಗೈಯಿಂದ ಸುಟ್ಟ ಮದ್ದಿನ ವಾಸನೆ ಮೂಗಿಗೆ ಬಡಿಯಿತು. ದೀಪಾವಳಿಗೂ ಇದೇ ವಾಸನೆ ಬರುತ್ತದೆ, ಆದರೆ ಯಾರನ್ನಾದರೂ ಸಾಯಿಸಬೇಕು ಎನ್ನುವ ಸಿಟ್ಟಿನಲ್ಲಿ ನಿಂತಿರುವಾಗ ಈ ವಾಸನೆ ಬಂದು ಬಹಳ ಕಾಲವಾಗಿತ್ತು. ದೊಡ್ಡಪ್ಪ ಕಣ್ಣ ಮುಂದೆ ಬಂದು ನಿಂತರು...

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣನಲ್ಲ. ತಮಿಳುನಾಡಿಗೆ ಸೇರಿದ ಕನ್ನಡದ ಊರು ತಿಗನಾರೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ನಮ್ಮ ಜನವೇ, ಹುಟ್ಟಿದಾಗಿನಿಂದ ಹಾಗೇ ಕರೆದು ರೂಢಿ. ಅವರ ಹೆಂಡತಿ ನನಗೆ ದೊಡ್ಡಮ್ಮ. ಅವರಿಗೆ ಮಕ್ಕಳಿರಲಿಲ್ಲ. ಕಾಡಂಚಿನಲ್ಲಿ ಒಂದಿಷ್ಟು ಹೊಲ, ಒಂದು ಹಸು, ಜೊತೆಗೆ ಊರಿಗೆಲ್ಲ ಗೊತ್ತಿದ್ದ ಮುಂಗೋಪ. ನಾನು ಹುಡುಗನಾಗಿದ್ದಾಗ ಅವರ ಕೈಯಲ್ಲಿ ಏಟು ತಿನ್ನದ ಪ್ರಾಣಿ ನಮ್ಮ ಬೀದಿಯಲ್ಲಿ ಇರಲಿಲ್ಲ, ನನ್ನನ್ನೂ ಸೇರಿಸಿ. ಆದರೆ ಪೂಜೆಯಲ್ಲಿ ಮಾತ್ರ ಅವರಷ್ಟು ಕಟ್ಟುನಿಟ್ಟು ಇನ್ನೊಬ್ಬರಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದು, ಜಗಲಿಯಲ್ಲಿ ಕೂತು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯ ಮೇಲಿಟ್ಟುಕೊಂಡು ದಿಟ್ಟಿಸುತ್ತಿದ್ದರು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೆಮ್ಮಿದರೂ ಪೂಜೆ ಮುಗಿದ ಮೇಲೆ ಬೀಳುವ ಏಟು ಗ್ಯಾರಂಟಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಆನೆಗಿಂತ ಹಂದಿಯ ಕಾಟ ಹೆಚ್ಚು. ಕಡಲೆಕಾಯಿ ಹಾಕಿದರೆ ನಮಗಿಂತ ಮೊದಲು ಹಂದಿಗಳೇ ಕಿತ್ತು ತಿನ್ನುತ್ತಿದ್ದವು. ಕೆಲವರು ಕದ್ದುಮುಚ್ಚಿ ಹೊಲದ ಬದಿಯಲ್ಲಿ ಸಿಡಿಮದ್ದಿನ ಉಂಡೆ ಇಡುತ್ತಿದ್ದರು. ಹಂದಿ ಕಚ್ಚಿದರೆ ಬಾಯಿಯಲ್ಲೇ ಸಿಡಿಯುತ್ತಿತ್ತು. ಅವರು ಅದರ ಮೇಲೆ ಒಣಮೀನು ಸುತ್ತುತ್ತಿದ್ದರು. ಹಂದಿಗೆ ಅದು ಹಬ್ಬ, ದನ ಮೂಸಿಯೂ ನೋಡುವುದಿಲ್ಲ. ದೊಡ್ಡಪ್ಪನಿಗೂ ಆ ವರ್ಷ ಉಂಡೆ ಇಡಬೇಕೆನಿಸಿತು. ಆದರೆ ಕೊರಳಲ್ಲಿ ಲಿಂಗ ಕಟ್ಟಿದವರು ಮೀನು ಮುಟ್ಟುವುದುಂಟೇ? ಅವರು ಬೆಲ್ಲ ಕಲಸಿದ ರಾಗಿ ಹಿಟ್ಟನ್ನು ಮೆತ್ತಿ, ಕೈ ತೊಳೆದುಕೊಂಡು, ಹೊಲಕ್ಕೆ ಹೋಗಿ ಇಟ್ಟು ಬಂದರು.

ಮಾರನೆಯ ಬೆಳಿಗ್ಗೆ ಅವರದೇ ಹಸು ಹಗ್ಗ ಕಿತ್ತುಕೊಂಡು ಹೊಲಕ್ಕೆ ಹೋಯಿತು. ಬೆಲ್ಲದ ವಾಸನೆಗೆ ಹಸು ಬಾರದೆ ಇರುತ್ತದೆಯೇ...

ಸದ್ದಿಗೆ ನಾವೆಲ್ಲ ಓಡಿದೆವು. ಹಸು ನಿಂತೇ ಇತ್ತು. ಕೆಳದವಡೆ ಇರಲಿಲ್ಲ. ನಾಲಿಗೆ ಒಂದು ಬದಿಗೆ ನೇತಾಡುತ್ತಿತ್ತು, ಎದೆಯಿಂದ ಗೊರಸಿನವರೆಗೆ ರಕ್ತ. ಅದು ದೊಡ್ಡಪ್ಪನನ್ನು ಕಂಡು ದಿನಾ ಬರುವ ಹಾಗೆ ಹತ್ತಿರ ಬಂದು ಅವರ ಭುಜಕ್ಕೆ ತಲೆ ಒರಗಿಸಿತು. ಅವರ ಬಿಳಿ ಅಂಗಿ, ಕೊರಳ ಕರಡಿಗೆ ಎಲ್ಲ ಕೆಂಪಾಯಿತು. ಮೂರು ದಿನ ಬದುಕಿತ್ತು. ಹಸು, ಕೊಲ್ಲುವ ಹಾಗಿಲ್ಲ. ಬಾಯಿಯಿಲ್ಲ, ನೀರು ಕುಡಿಸುವ ಹಾಗೂ ಇಲ್ಲ. ದೊಡ್ಡಪ್ಪ ಬಿದಿರಿನ ಗೊಟ್ಟದಲ್ಲಿ ಗಂಜಿ ಹಿಡಿದು ಗಂಟಲಿಗೆ ಬಿಡುತ್ತಿದ್ದರು, ಅದು ರಕ್ತದ ಜೊತೆ ಹೊರಗೇ ಸುರಿಯುತ್ತಿತ್ತು. ಕೊಟ್ಟಿಗೆಯಲ್ಲಿ ಕರು ಕೂಗುತ್ತಿತ್ತು. ಆ ಮೂರು ದಿನ ಅವರು ಕೊಟ್ಟಿಗೆ ಬಿಟ್ಟು ಕದಲಲಿಲ್ಲ, ಪೂಜೆಯನ್ನೂ ಮಾಡಲಿಲ್ಲ.

ಹಸುವನ್ನು ಹೂತು ಬಂದವರು ಕೊರಳಿನಿಂದ ಕರಡಿಗೆ ಬಿಚ್ಚಿ ದೊಡ್ಡಮ್ಮನ ಕೈಗೆ ಕೊಟ್ಟರು. ನಾನು ಅಲ್ಲೇ ನಿಂತಿದ್ದೆ.

“ಮೀನ್ ಮುಟ್ಬಾರ್ದು ಅನ್ನದ ಗ್ಯಾಪ್ಕ ಇತ್ತು ನಂಗೆ. ಈ ಕೈ ಏನ್ ಮಾಡ್ತಾದೆ ಅನ್ನದೇ ಗ್ಯಾಪ್ಕ ಇರ್ನಿಲ್ಲ. ಇದ್ರ ತಪ್ಪಲ್ಲ ಕಣಮ್ಮಿ, ನಂದು. ನೀನ್ ಮಡಿಕ್ಕೊ” ಎಂದರು.

ದೊಡ್ಡಮ್ಮ ಅತ್ತರು, ಕಾಲು ಹಿಡಿದರು. ಲಿಂಗ ಬಿಟ್ಟವನ ಮನೆಯಲ್ಲಿ ನೀರು ಕುಡಿಯುವುದಿಲ್ಲ ಎಂದು ಮಠದ ಅಯ್ಯನವರು ಹೊಸ್ತಿಲಲ್ಲೇ ನಿಂತು ಹೇಳಿ ಹೋದರು. ದೊಡ್ಡಪ್ಪ ಯಾರ ಮೇಲೂ ರೇಗಲಿಲ್ಲ, ಅದೇ ನಮಗೆ ಆಶ್ಚರ್ಯ. ದೊಡ್ಡಮ್ಮ ಆ ಕರಡಿಗೆಯನ್ನು ದೇವರ ಗೂಡಿನಲ್ಲಿಟ್ಟು ತನ್ನ ಲಿಂಗದ ಜೊತೆ ಅದಕ್ಕೂ ದಿನಾ ನೀರೆರೆದು ಪೂಜೆ ಮಾಡತೊಡಗಿದರು. ಒಂದಲ್ಲ ಒಂದು ದಿನ ಗಂಡ ಮತ್ತೆ ಕಟ್ಟಿಕೊಳ್ಳುತ್ತಾರೆ ಎಂಬ ಆಸೆ ಅವರದು.

ಅದಾದ ಮೇಲೆ ಶುರುವಾಯಿತು ಊರನ್ನೇ ದಿಗಿಲುಗೊಳಿಸಿದ ಸಂಗತಿ. ದೊಡ್ಡಪ್ಪ ಬೆಳಿಗ್ಗೆ ಮೊದಲಿನ ಹಾಗೇ ಜಗಲಿಗೆ ಬಂದು ಕೂತರು. ಮೊದಲಿನ ಹಾಗೇ ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಅಂಗೈ ದಿಟ್ಟಿಸಿದರು. ವಿಭೂತಿಯಿಲ್ಲ, ಮಂತ್ರವಿಲ್ಲ, ಕೈಯಲ್ಲಿ ಏನೂ ಇಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ, ವರ್ಷಗಟ್ಟಲೆ. ಪೂಜೆ ಬಿಟ್ಟವನು ಸುಮ್ಮನೆ ಮಲಗಿದ್ದರೆ ಊರು ಮರೆತುಬಿಡುತ್ತಿತ್ತೋ ಏನೋ. ಬರಿಗೈ ನೋಡುವವನನ್ನು ಮರೆಯುವುದು ಹೇಗೆ? ನಮ್ಮ ಜನಕ್ಕೆ ಹಾಗೆ ಹಿಡಿದ ಎಡಗೈ ಎಂದರೆ ಅದರ ಮೇಲೆ ಏನೋ ಇರಲೇಬೇಕು. ಲಿಂಗ ಇಲ್ಲ ಎಂದಾದರೆ ಬೇರೆ ಏನೋ ಕೂತಿದೆ, ನಮ್ಮ ಕಣ್ಣಿಗೆ ಕಾಣುತ್ತಿಲ್ಲ ಅಷ್ಟೇ. ದವಡೆ ಹೋದ ಹಸುವಿನ ಪ್ರೇತವನ್ನು ಅಂಗೈಯಲ್ಲಿ ಕೂರಿಸಿಕೊಂಡಿದ್ದಾನೆ ಎಂದು ಯಾರೋ ಅಂದರು. ಅಂದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಒಪ್ಪಿದವರಲ್ಲಿ ನಾನೂ ಒಬ್ಬ.

ಆಗ ನನಗೆ ಮದುವೆಯಾಗಿ ಎರಡು ವರ್ಷ. ಕೈಗೂಸು ಒಂದಿತ್ತು. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೆಂಡತಿಗೆ ಎರಡು ಸಲ ಹೊಡೆದಿದ್ದೆ, ಒಂದು ಸಲ ಮುದ್ದೆ ಗಟ್ಟಿಯಾಯಿತೆಂದು, ಇನ್ನೊಂದು ಸಲ ಯಾಕೆಂದು ನೆನಪೂ ಇಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯದಿದ್ದರೆ ದೊಡ್ಡಪ್ಪನ ಬಗ್ಗೆ ಬರೆದು ಪ್ರಯೋಜನವಿಲ್ಲ.

ಆ ವರ್ಷ ದನಗಳಿಗೆ ಕಾಲುಬಾಯಿ ಜ್ವರ ಬಂತು. ಬಾಯಿ ಹುಣ್ಣಾಗಿ ನೊರೆ ಸುರಿಸುತ್ತಾ ಮೇವು ಬಿಟ್ಟು ನಿಂತವು. ಎಲ್ಲ ಮನೆಯ ದನಗಳಿಗೂ ಬಾಯೇ ಹೋಯಿತು ಎಂದಾಗ ಊರಿಗೆ ಇನ್ನೇನು ಸಾಕ್ಷಿ ಬೇಕು? ದೊಡ್ಡಪ್ಪನ ಕೊಟ್ಟಿಗೆಯಲ್ಲಿ ದನವೇ ಇರಲಿಲ್ಲ, ಕರುವನ್ನೂ ಯಾರಿಗೋ ಕೊಟ್ಟಿದ್ದರು. ಅದೂ ಅನುಮಾನಕ್ಕೆ ಸೇರಿತು. ನನ್ನ ಜೋಡಿ ಎತ್ತಿನಲ್ಲಿ ಒಂದು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿತ್ತು. ಅದರ ಬಾಯಿಯ ನೊರೆಯನ್ನು ಕೈಯಲ್ಲಿ ಒರೆಸಿ ಎದ್ದವನು ಮೂಲೆಯಲ್ಲಿದ್ದ ಬಿದಿರು ದೊಣ್ಣೆ ತೆಗೆದುಕೊಂಡೆ. ಬೀದಿಯಲ್ಲಿ ಇನ್ನೂ ನಾಲ್ಕೈದು ಜನ ಸೇರಿದರು. ಯಾರೂ ಯಾರನ್ನೂ ಕರೆಯಬೇಕಾಗಲಿಲ್ಲ.

ಬಿಸಿಲು ಆಗಷ್ಟೇ ಜಗಲಿಗೆ ಬಿದ್ದಿತ್ತು. ದೊಡ್ಡಪ್ಪ ಅಂಗೈ ನೋಡುತ್ತಾ ಕೂತಿದ್ದರು. ಅದರಲ್ಲಿ ಏನಿದೆ ತೋರಿಸು ಎಂದು ನಾನು ಕೂಗಿದೆ, ಏಕವಚನದಲ್ಲೇ. ಅವರು ತಲೆ ಎತ್ತಿ, ಎಡಗೈಯನ್ನು ನನ್ನ ಕಡೆ ಚಾಚಿದರು.

“ಏನೂ ಇಲ್ಲ ಕಣ್ಲಾ. ನೀನೇ ನೋಡು” ಎಂದರು.

ಆ ಕೈಯ ಮೇಲೇ ಹೊಡೆದೆ. ಒಣಗಿದ ಕಡ್ಡಿ ಮುರಿದ ಸದ್ದು ಬಂತು. ಇನ್ನೊಂದು ಏಟು ಅದೇ ಕೈಗೆ, ಕಂಬಕ್ಕೆ ಒತ್ತಿ. ಉಳಿದವರು ಅವರನ್ನು ಜಗಲಿಯಿಂದ ಎಳೆದು ಬೀದಿಗೆ ಹಾಕಿ ಒದ್ದರು. ಪಕ್ಕೆಗೆ, ಬಾಯಿಗೆ, ಸಿಕ್ಕಲ್ಲಿಗೆ. ಎರಡು ಹಲ್ಲು ಮಣ್ಣಿಗೆ ಬಿದ್ದವು. ದೊಡ್ಡಮ್ಮ ಅವರ ಮೇಲೆ ಮೈಚೆಲ್ಲಿ ಬಿದ್ದಾಗ ಒಬ್ಬನ ಒದೆ ಆಕೆಯ ಬೆನ್ನಿಗೂ ಬಿತ್ತು. ಆಕೆಯ ಚೀರು ಕೇಳಿ ನಿಂತೆವು. ದೊಡ್ಡಪ್ಪನ ಕಣ್ಣು ತೆರೆದೇ ಇತ್ತು, ಆ ಮುರಿದ ಕೈಯ ಮೇಲೇ ಇತ್ತು. ತಿರುಗಿದರೆ ನನ್ನ ಹೆಂಡತಿ ಮಗು ಎತ್ತಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು.

ಮಾರನೆಯ ದಿನವೂ ಊರಲ್ಲಿ ಎರಡು ದನ ಸತ್ತವು. ತಾಳವಾಡಿಯಿಂದ ಬಂದ ದನದ ಡಾಕ್ಟರು, ಇದು ಸಂತೆಯಲ್ಲಿ ಕೊಂಡು ತಂದ ದನದಿಂದ ಅಂಟಿದ್ದು ಎಂದು ತಮಿಳಿನಲ್ಲಿ ಎಲ್ಲರಿಗೂ ಬೈದು ಹೋದರು. ಟೇಸನ್ನಿನಿಂದ ಪೊಲೀಸಿನವನೂ ಬಂದ. ದೊಡ್ಡಪ್ಪ ಮಲಗಿದಲ್ಲಿಂದಲೇ, ಬಂಡೆ ಮೇಲಿಂದ ಜಾರಿ ಬಿದ್ದೆ ಎಂದು ಅವನ ಭಾಷೆಯಲ್ಲಿ ಹೇಳಿದರಂತೆ. ನಾವು ಬದುಕಿದೆವು ಎಂದುಕೊಂಡೆವು. ನಾನು ಬದುಕಿರಲಿಲ್ಲ. ಮೂರನೇ ದಿನ ನನ್ನ ಹೆಂಡತಿ ತವರಿಗೆಂದು ಚಾಮರಾಜನಗರದ ಬಸ್ಸು ಹತ್ತಲು ಗಂಟು ಕಟ್ಟಿದಳು. ಅಳಲಿಲ್ಲ.

“ನಿನ್ ಕೈ ನಂಗೊತ್ತು. ನಾಳೀಕೆ ಈ ಮಗೀಗೂ ಗೊತ್ತಾಯ್ತದೆ. ಆ ಕೈಯ ಇಲ್ಲೇ ಬುಟ್ಟು ಬರಂಗಿದ್ರೆ ಕರಿಯಕೆ ಬಾ. ಇಲ್ದಿದ್ರೆ ಬರ್ಬ್ಯಾಡ” ಎಂದಳು.

ಮನೆಯಲ್ಲಿ ಒಬ್ಬನೇ ಉಳಿದೆ. ಗೋಡೆಯ ಆಚೆ ದೊಡ್ಡಪ್ಪ ನರಳುವುದು ಕೇಳುತ್ತಿತ್ತು. ಒಂಬತ್ತು ದಿನ ತಡೆದೆ. ಹತ್ತನೇ ದಿನ ಬೆಳಿಗ್ಗೆ ಜಗಲಿಯಲ್ಲಿ ಅವರು ಕಂಡರು. ಮೂಳೆ ಕಟ್ಟುವವನು ಬಿದಿರ ಸೀಳಿಟ್ಟು ಬಟ್ಟೆ ಸುತ್ತಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಹೋಗಿ ಕಾಲಿಗೆ ಬಿದ್ದೆ. ದೊಡ್ಡಮ್ಮ ಒಳಗಿನಿಂದ ನನ್ನನ್ನು ನೋಡಿ ಬಾಗಿಲು ಹಾಕಿಕೊಂಡರು.

“ಕ್ಸಮೆ ಗಿಮೆ ನನ್ತಾವ ಇಲ್ಲ ಕಣ್ಲಾ. ಕ್ಸಮಿಸ್ಬುಟ್ರೆ ನೀನು ಮರ್ತೋಯ್ತಿಯ. ಕುಂತ್ಕ. ನಿಂದೂ ನೋಡ್ಕ” ಎಂದರು ದೊಡ್ಡಪ್ಪ.

ಕೂತೆ. ಅಂಗೈ ನೋಡಿದೆ. ಏನು ನೋಡುವುದು? ಗೆರೆ, ನೇಗಿಲು ಹಿಡಿದ ದಡ್ಡು, ಉಗುರಿನ ಕೊಳೆ. ಸ್ವಲ್ಪ ಹೊತ್ತಿಗೆ ಬೇಜಾರಾಯಿತು, ಆಮೇಲೆ ಹಸಿವಾಯಿತು, ಆಮೇಲೆ ಹೆಂಡತಿಯ ಮೇಲೆ, ಅವಳ ಅಪ್ಪನ ಮೇಲೆ, ಸತ್ತ ಎತ್ತಿನ ಮೇಲೂ ಸಿಟ್ಟು ಬಂತು. ಬೆರಳುಗಳು ತಾವಾಗಿ ಮಡಚಿಕೊಂಡವು. ನಾನು ಮಡಚಿರಲಿಲ್ಲ! ನನ್ನ ಕೈ ನನ್ನನ್ನು ಕೇಳದೆ ಮುಷ್ಟಿಯಾಗುವುದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕಂಡೆ. ದೊಡ್ಡಪ್ಪ ಅದನ್ನು ಓರೆಗಣ್ಣಿನಲ್ಲಿ ನೋಡಿದರು.

“ಕ್ವಾಪ ಮೊದ್ಲು ಕೆನ್ನೇಲಿ ಬಿಸಿ ಬತ್ತದೆ. ಆಮೇಕೆ ತೋಳ್ಗೆ ಇಳೀತದೆ. ಕೈಗೆ ಬರದು ಕೊನೇಲಿ. ಬ್ಯಾಡ ಅನ್ಬ್ಯಾಡ, ಬಂತು ಅಂತ ನೋಡ್ತಾ ಇರು. ಉಸ್ರು ಬತ್ತದಲ್ಲ, ಓಯ್ತದಲ್ಲ, ಅಂಗೇಯ” ಎಂದರು.

ಅವರು ನನಗೆ ಕಲಿಸಿದ ಶಾಸ್ತ್ರ ಇಷ್ಟೇ. ಆಮೇಲೆ ಪಟ್ಟಣದಲ್ಲಿ ಧ್ಯಾನ ಹೇಳಿಕೊಡುವವರ ಮಾತುಗಳನ್ನು ಕೇಳಿದ್ದೇನೆ, ಚಾಪೆ, ಗಂಟೆ, ಮೆಲುದನಿ ಎಲ್ಲ ಇರುತ್ತದೆ. ಇದಕ್ಕಿಂತ ಹೆಚ್ಚಿನದೇನೂ ನನಗೆ ಕೇಳಿಸಲಿಲ್ಲ. ಶಿವ ಇದ್ದಾನೋ ಇಲ್ಲವೋ ಎಂದು ಒಂದು ದಿನ ಕೇಳಿದ್ದಕ್ಕೆ, ಅದು ತನಗೆ ಗೊತ್ತಿಲ್ಲ, ಕೈ ಇರುವುದು ಮಾತ್ರ ಗೊತ್ತು ಎಂದರು. ದೇವರನ್ನು ಬೈದದ್ದು, ದೊಡ್ಡಮ್ಮನ ಪೂಜೆಯನ್ನು ಹಳಿದದ್ದು ನಾನು ಕಾಣೆ. ನನ್ನ ಕೊರಳ ಲಿಂಗ ಬಿಚ್ಚು ಎಂದೂ ಹೇಳಲಿಲ್ಲ. ನಾನು ಬಿಚ್ಚಲೂ ಇಲ್ಲ. ಮನೆಯಲ್ಲಿ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ, ಅವರ ಜಗಲಿಗೆ ಹೋಗಿ ಬರಿಗೈ ಹಿಡಿದು ಕೂರುತ್ತಿದ್ದೆ. ಊರವರು ನನ್ನನ್ನೂ ಬೇರೆ ಕಣ್ಣಿನಿಂದ ನೋಡಿದರು. ಹೊಡೆಯಲು ಮಾತ್ರ ಯಾರೂ ಬರಲಿಲ್ಲ, ಹೊಡೆಯುವವನು ನಾನೇ ಆಗಿದ್ದೆನಲ್ಲ.

ಆರು ತಿಂಗಳು ಕಳೆಯಿತು. ಒಂದು ದಿನ ಉಳುವಾಗ ಹೊಸ ಎತ್ತು ನೊಗ ಜಾಡಿಸಿ ನನ್ನ ಕಾಲು ತುಳಿಯಿತು. ಚಾವಟಿ ಮೇಲೆದ್ದಿತು. ಕೆನ್ನೆ ಬಿಸಿಯಾದದ್ದು ಗೊತ್ತಾಯಿತು, ತೋಳು ಬಿಗಿದದ್ದು ಗೊತ್ತಾಯಿತು. ಚಾವಟಿಯನ್ನು ಹಾಗೇ ಹಿಡಿದು ನಿಂತೆ, ಎಷ್ಟು ಹೊತ್ತೋ... ಕೈ ತಾನಾಗಿ ಇಳಿಯಿತು. ಎತ್ತು ನನ್ನನ್ನೇ ನೋಡುತ್ತಿತ್ತು. ಅಲ್ಲೇ ಉಳುಮೆ ಬಿಟ್ಟು ಮಧ್ಯಾಹ್ನದ ಬಸ್ಸಿಗೆ ಚಾಮರಾಜನಗರಕ್ಕೆ ಹೋದೆ. ಹೆಂಡತಿ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಕೆಲವು ದಿನ ಯೋಚಿಸಿ ಬಂದಳು. ಬಂದ ಮೇಲೆ ಆ ಕೈ ಅವಳ ಮೇಲೆ ಬೀಳಲಿಲ್ಲ. ಬೀಳುವ ಹತ್ತಿರಕ್ಕೆ ಹೋಗಿಲ್ಲ ಎಂದರೆ ಸುಳ್ಳಾಗುತ್ತದೆ.

ದೊಡ್ಡಪ್ಪನ ಕೈ ಮಾತ್ರ ಸರಿಯಾಗಲಿಲ್ಲ. ಬೆರಳುಗಳು ಕೊಕ್ಕೆಯ ಹಾಗೆ ಅರ್ಧ ಮಡಚಿಕೊಂಡೇ ಕೂಡಿಕೊಂಡವು. ಹೊಲದ ಕೆಲಸ ನಾನು ನೋಡಿಕೊಂಡೆ. ದೊಡ್ಡಮ್ಮ ಎರಡು ವರ್ಷದ ಮೇಲೆ ನನಗೆ ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟರು. ನಾನು ಅತ್ತುಬಿಟ್ಟೆ.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತಲ್ಲೇ ದೊಡ್ಡಪ್ಪ ಹೋದರು. ನಾನು ಪಕ್ಕದಲ್ಲೇ ಕೂತಿದ್ದೆ, ನನಗೆ ಗೊತ್ತಾಗಲಿಲ್ಲ. ಕೈ ನೋಡುವುದರಲ್ಲಿ ಅಷ್ಟು ಪಳಗಿದ್ದೆ ನೋಡಿ...

ನಮ್ಮಲ್ಲಿ ಸತ್ತವರನ್ನು ಗುಂಡಿಯ ಒಳಗಿನ ಗೂಡಿನಲ್ಲಿ ಕೂರಿಸಿ, ಅವರ ಲಿಂಗವನ್ನು ಎಡಗೈಯಲ್ಲಿಟ್ಟು ಮಣ್ಣು ಮಾಡುವುದು ಪದ್ಧತಿ. ಬದುಕಿದ್ದಾಗ ಬಿಟ್ಟರೂ ಸತ್ತಾಗ ಬಿಡುವ ಹಾಗಿಲ್ಲ ಎಂದು ಊರಿನ ಹಿರಿಯರು ಹಟ ಹಿಡಿದರು. ದೊಡ್ಡಮ್ಮ ದೇವರ ಗೂಡಿನಿಂದ ಕರಡಿಗೆ ತಂದು ಕೊಟ್ಟರು. ಅಷ್ಟು ವರ್ಷ ಕಾದದ್ದು ಇದಕ್ಕೇ ಏನೋ ಎನ್ನುವ ಹಾಗಿತ್ತು ಅವರ ಮುಖ. ಇಬ್ಬರು ಗುಂಡಿಗಿಳಿದು ಲಿಂಗವನ್ನು ದೊಡ್ಡಪ್ಪನ ಅಂಗೈಯಲ್ಲಿಟ್ಟರು. ಕೊಕ್ಕೆಯಾದ ಬೆರಳುಗಳ ಮೇಲೆ ಅದು ನಿಲ್ಲಲಿಲ್ಲ, ಜಾರಿ ಮಡಿಲಿಗೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ನನ್ನ ದೊಣ್ಣೆ ಮುರಿದ ಬೆರಳುಗಳು ಅವು. ಒಬ್ಬ, ಹಿಡಿದು ಬಿಡಿಸು ಎಂದ. ಇನ್ನೊಬ್ಬ ಮಣಿಕಟ್ಟನ್ನು ಮೊಣಕಾಲಿಗೆ ಒತ್ತಿಕೊಂಡು ಬೆರಳುಗಳನ್ನು ಹಿಂದಕ್ಕೆ ಮುರಿಯತೊಡಗಿದ. ಲಟಕ್ ಎಂದಿತು. ಅದೇ ಸದ್ದು.

ಗುಂಡಿ ತೋಡಿದ ಹಾರೆ ನನ್ನ ಕೈಗೆ ಯಾವಾಗ ಬಂತೋ ತಿಳಿಯದು. ಅವನ ತಲೆ ನನ್ನ ಕಾಲ ಬಳಿಯೇ ಇತ್ತು, ಒಂದೇ ಏಟಿಗೆ ಸೀಳಿಹೋಗುತ್ತಿತ್ತು. ಹೊಡೆಯಬೇಕು ಎಂದೇ ಎತ್ತಿದ್ದೆ, ಇದರಲ್ಲಿ ಸುಳ್ಳಿಲ್ಲ. ಕೆನ್ನೆಯ ಬಿಸಿ ದಾಟಿತ್ತು, ತೋಳೂ ದಾಟಿತ್ತು. ಕೊನೆಗೆ ಕಂಡದ್ದು ಹಾರೆ ಹಿಡಿದ ನನ್ನ ಬೆರಳುಗಳು. ಬಂತು ಎಂದುಕೊಂಡೆ. ಒಂದು ಉಸಿರು, ಇನ್ನೊಂದು ಉಸಿರು... ಹಾರೆಯನ್ನು ಹಿಂದಕ್ಕೆ ಎಸೆದು ಗುಂಡಿಗೆ ಹಾರಿದೆ. ದೊಡ್ಡಪ್ಪನ ಅಂಗೈಯನ್ನು ನನ್ನ ಎರಡೂ ಕೈಯಲ್ಲಿ ಮುಚ್ಚಿ ಅವರ ಮುಂದೆ ಕೂತುಬಿಟ್ಟೆ. ಈ ಕೈ ಬಿಡಿಸಬೇಕಾದರೆ ನನ್ನ ಮೇಲೂ ಮಣ್ಣು ಎಳೆಯಿರಿ ಎಂದೆ. ಮೇಲಿನಿಂದ ಬೈದರು, ಒಬ್ಬ ಕಾಲಿನಲ್ಲಿ ಮಣ್ಣು ತಳ್ಳಿದ. ತಲೆಯ ಮೇಲೆ, ಕಣ್ಣಿಗೆ ಬಿತ್ತು. ಏಳಲಿಲ್ಲ.

ಆಗ ಗುಂಡಿಯ ಅಂಚಿಗೆ ದೊಡ್ಡಮ್ಮ ಬಂದರು.

“ಆ ಕೈಯ ಬುಡ್ರಪ್ಪ. ಅವ್ರು ಅಷ್ಟು ವರ್ಸ ನೋಡ್ದ ಕೈ ಅದು. ಲಿಂಗ ಇಲ್ಲಿ ಕೊಡಿ, ನಾನ್ ಓಗುವಾಗ ನಂಜೊತೆ ತಕ್ಕೊಂಡೋಯ್ತಿನಿ” ಎಂದರು.

ಗಂಡ ಸತ್ತವಳ ಮಾತಿಗೆ ಯಾರೂ ಎದುರಾಡಲಿಲ್ಲ. ದೊಡ್ಡಪ್ಪನನ್ನು ಬರಿಗೈಯಲ್ಲೇ ಮಣ್ಣು ಮಾಡಿದೆವು. ನಾಲ್ಕು ವರ್ಷದ ಮೇಲೆ ದೊಡ್ಡಮ್ಮ ಹೋದಾಗ ಆಕೆಯ ಕೈಯಲ್ಲಿ ಎರಡು ಲಿಂಗ ಇಟ್ಟವನು ನಾನೇ.

ನಿನ್ನೆ ಬೆಳಿಗ್ಗೆ ಎದ್ದು ನನ್ನ ಜಗಲಿಯಲ್ಲಿ ಕೂತೆ. ಗೋಡೆಯಾಚೆಯ ಮನೆ ಬಿದ್ದುಹೋಗಿದೆ, ಆ ಜಗಲಿಯ ಕಲ್ಲುಗಳನ್ನು ಯಾರೋ ಹೊತ್ತುಕೊಂಡು ಹೋಗಿದ್ದಾರೆ. ನನ್ನ ಹೆಂಡತಿಯೂ ಈಗಿಲ್ಲ. ಕೈ ನೋಡಿದರೆ ಅಂಗೈಗೆ ಹತ್ತಿದ್ದ ಮದ್ದಿನ ಕಪ್ಪು ಹೋಗಿರಲಿಲ್ಲ. ಅಷ್ಟರಲ್ಲಿ ಮಗ ಬೈಕಿನಲ್ಲಿ ಬಂದು ತಂತಿಯ ಸುರುಳಿಯನ್ನು ಮುಂದೆ ಹಾಕಿದ. ಬೇಡ, ವಾಪಸು ಕೊಟ್ಟು ಬಾ ಎಂದೆ. ಅವನ ಕೆನ್ನೆ ಕೆಂಪಾಯಿತು. ಹಾಗಿದ್ದರೆ ಹೊಲ ನೀನೇ ಕಾಯಿ, ನಿನ್ನ ಬರಿಗೈ ತೋರಿಸಿ ಆನೆ ಓಡಿಸು ಎಂದು ಕಿರುಚಿದ. ಅವನ ಮಾತಿನಲ್ಲಿ ತಪ್ಪಿಲ್ಲ. ಆನೆ ಮತ್ತೆ ಬರುತ್ತದೆ, ಉಳಿದರ್ಧ ಜೋಳವೂ ಹೋಗುತ್ತದೆ, ಆಗ ಮಾಡುವುದೇನು? ದೊಡ್ಡಪ್ಪ ಇದ್ದಿದ್ದರೆ ಕೇಳುತ್ತಿದ್ದೆ. ಅವರಿಗೂ ಗೊತ್ತಿರುತ್ತಿರಲಿಲ್ಲ, ಆದರೂ ಪಕ್ಕದಲ್ಲಿ ಕೂತಿರುತ್ತಿದ್ದರು...

ಮಗನ ಬಲಗೈ ಮುಷ್ಟಿಯಾಗಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಸರಿದು, ಕುಂತ್ಕ ಎಂದೆ. ಅವನು ಕೂರಲಿಲ್ಲ.